ದೋಣಿಯಿಲ್ಲದ ಕಾಣೆ ಶಿಕಾರಿ

ದೋಣಿ ಹತ್ತದೆ, ಬಲೆ ಬೀಸದೆ, ದಡದಲ್ಲಿ ನಿಂತುಕೊಂಡೇ ಕಾಣೆ ಮೀನು ಹಿಡಿದು ಟೂರಿಗೆ ಹೊರಡುವ ಇಡೀ ಬಸ್ಸಿನ ಜನಕ್ಕೆ ಹುರಿದು ಬಡಿಸುತ್ತೇನೆ ಎಂದು ನಾನು ಘೋಷಿಸಿದ್ದು ಬಿಡದಿಯ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಆಗ ನನ್ನ ಬಾಯಲ್ಲಿ ಸೂಪರ್‌ವೈಸರ್ ಊರಿನಿಂದ ತಂದಿದ್ದ ಕಾಣೆ ಫ್ರೈ ಇತ್ತು. ಕಡಲನ್ನು ನಾನು ಅದುವರೆಗೆ ಕಂಡದ್ದು ಕ್ಯಾಲೆಂಡರಿನಲ್ಲಿ ಮಾತ್ರ.

ನಮ್ಮ ಕಡೆ ಕಾಣೆ ಎಂದರೆ ಪೊಲೀಸ್ ಸ್ಟೇಷನ್ನಿನ ಗೋಡೆಗೆ ಅಂಟಿಸುವ ಫೋಟೋ. ಅದನ್ನು ಮಸಾಲೆ ಸವರಿ ತಟ್ಟೆಯ ಮೇಲೆ ಮಲಗಿಸಿದ್ದನ್ನು ನೋಡಿದ್ದು ಆವತ್ತೇ ಮೊದಲು. ಸೂಪರ್‌ವೈಸರ್ ಕುಂದಾಪುರದವರು. ಅದು ದಡದ ಮರಳಿನಲ್ಲೇ ಮೇಯುವ ಬೆಳ್ಳಿ ಬಣ್ಣದ ಮೀನು, ಹಿಡಿಯೋಕೆ ದೋಣಿಯೇ ಬೇಡ ಎಂದು ಅವರು ಬಾಯಿ ತಪ್ಪಿ ಹೇಳಿದರು. ಅಷ್ಟು ಸಾಕಾಯಿತು. ಉಯ್ಯಂಬಳ್ಳಿಯ ಕೆರೆಯಲ್ಲಿ ಚಡ್ಡಿ ಹಾಕುವ ಮೊದಲೇ ಗಾಳ ಹಾಕಿದ ಅನಂತರಾಜು ನಾನು! ಕೆರೆಗೆ ಒಸಿ ಉಪ್ಪು ಬೆರೆಸಿದರೆ ಕಡಲು, ಅಷ್ಟೇ ತಾನೇ?

ಅದು ಎರಡು ಸಾವಿರದ ಐದನೇ ಇಸವಿ. ಬಿಡದಿಯಲ್ಲಿ ಕಾರುಗಳು ತಟ್ಟೆ ಇಡ್ಲಿಯ ಹಾಗೆ ಬಿಸಿಬಿಸಿಯಾಗಿ ಇಳಿಯುತ್ತಿದ್ದ ಕಾಲ. ಆ ಕಾರುಗಳಿಗೆ ಬೋಲ್ಟು ಮಾಡಿಕೊಡುತ್ತಿದ್ದ ನಮಗೂ ಕೈತುಂಬ ಕೆಲಸವಿತ್ತು. ಸಂತೋಷಕ್ಕೆ ಕಾರ್ಖಾನೆಯವರು ಸಂಸಾರ ಸಮೇತ ಕುಂದಾಪುರಕ್ಕೆ ಟೂರು ಹೊರಡಿಸಿದರು.

ನನ್ನ ಹೆಂಡತಿ ಲತಾಮಣಿ ಅಕ್ಕೂರಿನವಳು. ರೇಷ್ಮೆ ಹುಳ ಸಾಕುವ ಮನೆ. ಹುಳಕ್ಕೆ ಸೊಪ್ಪು ಹಾಕುವವರು ಯಾರು ಎಂದು ತವರಿನವರು ಅವಳನ್ನು ಎಲ್ಲಿಗೂ ಕಳಿಸಲಿಲ್ಲ. ನನಗೆ ಅನ್ನ ಹಾಕುವವರು ಯಾರು ಎಂದು ಮದುವೆಯಾದ ಮೇಲೆ ನಾನೂ ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ. ಕಡಲು ನೋಡಬೇಕು ಎಂಬ ಅವಳ ಆಸೆ ವರ್ಷ ವರ್ಷವೂ ಮುಂದಕ್ಕೆ ಹೋಗುತ್ತಿತ್ತು. ಟೂರಿನ ಸುದ್ದಿ ಕೇಳಿದ ದಿನವೇ ಅವಳು ನೀಲಿ ಸೀರೆಯೊಂದನ್ನು ತಂದಳು. ಕಡಲಿನ ಮುಂದೆ ಉಟ್ಟು ನಿಲ್ಲೋಕೆ ಅಂತ.

ನಾನು ಅಭ್ಯಾಸ ಶುರು ಮಾಡಿದೆ. ಅಕ್ಕೂರಿನ ಮಾವ ತಿಮ್ಮಯ್ಯನವರು ಉದ್ದನೆಯ ಬಿದಿರಿನ ಗಳು ಕೊಟ್ಟಿದ್ದರು. ಅದಕ್ಕೆ ದಾರ, ದಾರಕ್ಕೆ ಕೊಕ್ಕೆ, ತೂಕಕ್ಕೆ ಕಾರ್ಖಾನೆಯ ನಟ್ಟು. ಭಾನುವಾರ ಬೆಳಿಗ್ಗೆ ರಾಮನಗರದ ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ ಯುದ್ಧಕ್ಕೆ ಹೊರಟ ಪಾಳೇಗಾರನ ಹಾಗೆ ನಿಂತು, ಗಳುವನ್ನು ಹಿಂದಕ್ಕೆ ಬೀಸಿದೆ. ಮುಂದಕ್ಕೆ ಬರಲಿಲ್ಲ. ದೊಡ್ಡ ಮೀನೇ ಕಚ್ಚಿದೆ ಎನ್ನುವ ಹುರುಪಿನಲ್ಲಿ ಮೈಯ ಬಲವೆಲ್ಲ ಹಾಕಿ ಎಳೆದೆ.

ಕಚ್ಚಿದ್ದು ಬಟ್ಟೆ ಒಣಹಾಕಿದ್ದ ಹಗ್ಗ. ಹಗ್ಗ ಕಿತ್ತುಕೊಂಡು ಬಂತು. ಅದರ ಜೊತೆಗೆ ನನ್ನ ಬನಿಯನ್ನು, ಲುಂಗಿ, ಎಲ್ಲಕ್ಕೂ ಮುಂದೆ ಆ ನೀಲಿ ಸೀರೆ. ಎಲ್ಲವೂ ಮೆರವಣಿಗೆಯಾಗಿ ಹೋಗಿ ಕೆಳಗಿನ ಮನೆಯ ಓನರಮ್ಮ ದೊಡ್ಡಲಕ್ಷ್ಮಮ್ಮ ಆಗತಾನೇ ಹುಯ್ದಿದ್ದ ಸಂಡಿಗೆಯ ಮೇಲೆ ಸಾಷ್ಟಾಂಗ ಬಿದ್ದವು.

ಓನರಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಅವರು ಬೈದಿದ್ದರೆ ಸಮಾಧಾನವಾಗುತ್ತಿತ್ತು.

“ಸಂಡಿಗೆಗೆ ಜರಿ ಅಂಚು ಹಾಕೋದು ನಮ್ಮನೇಲಿ ಪದ್ಧತಿ ಇಲ್ಲ ಕಣಪ್ಪ” ಅಂದರು.

ಲತಾಮಣಿ ಸೀರೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಸೆರಗಿನಲ್ಲಿ ಕೊಕ್ಕೆ ಸೀಳಿದ ಗೀರು. ಬೆರಳಿನಿಂದ ಅದರ ಉದ್ದ ಅಳೆದಳು. ಆಮೇಲೆ ಕೇಳಿದಳು: “ಸಿಕ್ತಾ ಮೀನು?”

ಆ ಇಡೀ ದಿನ ಅವಳು ನನ್ನೊಡನೆ ಆಡಿದ ಮಾತು ಅದೊಂದೇ. ಸಂಜೆ ಕೂತು ಸೀರೆಯ ಗೀರನ್ನು ಕಾಣದ ಹಾಗೆ ಹೊಲಿದುಕೊಂಡಳು. ನನಗೋ, ಕಾಣೆ ಹಿಡಿದು ಮಾನ ಉಳಿಸಿಕೊಳ್ಳಲೇಬೇಕು ಎಂಬ ಹಟ ಇಮ್ಮಡಿಯಾಯಿತು.

ಇನ್ನು ಗಾಳಕ್ಕೆ ಎರೆ. ನನ್ನ ಪಕ್ಕದ ಮಿಷೀನಿನ ವಹಾಬನ ಮನೆಯವರು ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವವರು. ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುತ್ತದಲ್ಲ, ಬೆಂದು ಸತ್ತ ಹುಳ, ಅದನ್ನು ಅವನು ಒಂದು ಸ್ಟೀಲು ಡಬ್ಬದ ತುಂಬ ಕೊಟ್ಟ.

“ಈ ವಾಸ್ನೆಗೆ ಮೀನೇನ್ಲಾ, ಹಡಗೇ ದಡಕ್ಕೆ ಬತ್ತೈತೆ” ಎಂದು ಭರವಸೆಯನ್ನೂ ಕೊಟ್ಟ.

ಡಬ್ಬವನ್ನು ಲತಾಮಣಿಯ ಕಣ್ಣು ತಪ್ಪಿಸಿ ಬ್ಯಾಗಿನ ತಳದಲ್ಲಿ, ಕೋಡುಬಳೆಯ ಕೆಳಗೆ ಅಡಗಿಸಿದೆ. ಬೆಳಿಗ್ಗೆ ಬಸ್ಸು ಹೊರಟಿತು. ಹಾಸನದವರೆಗೆ ಯಾರೂ ಮೂಗು ಎತ್ತಲಿಲ್ಲ. ರಾಮನಗರದವರಿಗೆ ಅದು ಊರಿನ ವಾಸನೆ. ಹಾಸನ ದಾಟಿದ ಮೇಲೂ ಊರು ನಮ್ಮ ಹಿಂದೆಯೇ ಬರುತ್ತಿದೆಯಲ್ಲ ಎಂದು ಜನಕ್ಕೆ ಅನುಮಾನ ಶುರುವಾಯಿತು. ಬಿಸಿಲು ಏರಿದಂತೆ ಡಬ್ಬದೊಳಗಿನ ಮಹಾನುಭಾವರೂ ಏರಿದರು. ಒಬ್ಬರು ಸತ್ತ ಇಲಿ ಅಂದರು. ಇನ್ನೊಬ್ಬರು ಮುಂದಿನ ಸೀಟಿನವರ ಕಾಲುಚೀಲ ಅಂದರು. ವಹಾಬನ ಹೆಂಡತಿ ಫಿರೋಜಾ ಮಾತ್ರ ಗಂಡನ ಮುಖವನ್ನೇ ನೋಡುತ್ತ ಕೂತಳು. ಅವನು ಕಿಟಕಿಯಾಚೆಯ ಕಾಫಿ ಗಿಡಗಳನ್ನು ಭಕ್ತಿಯಿಂದ ನೋಡುತ್ತಿದ್ದ.

ಸಕಲೇಶಪುರದಲ್ಲಿ ಡ್ರೈವರು ಬಸ್ಸು ನಿಲ್ಲಿಸಿ, ವಾಸನೆ ಇಳಿಯದೆ ಗಾಡಿ ಘಾಟಿ ಇಳಿಯುವುದಿಲ್ಲ ಅಂದ. ಸೂಪರ್‌ವೈಸರ್ ಸಿಟ್ಟಾಗಿ, ತಂದವರನ್ನೂ ಇಲ್ಲೇ ಇಳಿಸುತ್ತೇನೆ ಅಂದರು. ಶೋಧನೆಗೆ ಎಲ್ಲರಿಗಿಂತ ಮುಂದೆ ನಿಂತವನು ನಾನು. ಸೀಟಿನ ಕೆಳಗೆ ತೂರಿದೆ, ಕಂಡವರ ಚಪ್ಪಲಿಯನ್ನೆಲ್ಲ ಮೂಸಿದೆ. ನಮ್ಮ ಸೀಟಿನ ಹತ್ತಿರ ಬಂದಾಗ ಮಾತ್ರ ಬಗ್ಗುವುದನ್ನು ಬಿಟ್ಟು ನೆಟ್ಟಗೆ ನಿಂತುಬಿಟ್ಟೆ. ಲತಾಮಣಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಹುಳದ ಮನೆಯಲ್ಲಿ ಹುಟ್ಟಿದವಳಿಗೆ ಹುಳದ ವಾಸನೆ ತಿಳಿಯದೆ ಇರುತ್ತದೆಯೇ! ನಾವು ಇಳಿದುಬಿಟ್ಟರೆ ಕಡಲು ಅಲ್ಲಿಗೇ ಮುಗಿಯಿತು. ಇನ್ನು ಈ ಜನ್ಮದಲ್ಲಿ ಅವಳು ನನ್ನನ್ನು ನಂಬಲಾರಳು.

ಅವಳು ಎದ್ದಳು. ಡಬ್ಬ ತೆಗೆದು ಎರಡೂ ಕೈಯಲ್ಲಿ ಹಿಡಿದು ಸೂಪರ್‌ವೈಸರ್ ಮುಂದೆ ನೀಡಿದಳು.

“ನಾನೇ ತಂದಿದ್ದು ಸಾರ್. ರೇಷ್ಮೆ ಹುಳದ ಗೊಬ್ಬರ, ಮಲ್ಲಿಗೆ ಗಿಡಕ್ಕೆ ಒಳ್ಳೇದು. ನಿಮ್ಮ ತಾಯಿಯವರು ಮಲ್ಲಿಗೆ ಬೆಳಸ್ತಾರೆ ಅಂತ ಇವರು ಹೇಳ್ತಿದ್ರು. ಬರಿಗೈಲಿ ಹೆಂಗೆ ಬರೋದು ಅಂತ ತಂದೆ.”

ಸೂಪರ್‌ವೈಸರ್ ಕರಗಿ ನೀರಾದರು. ಡಬ್ಬಕ್ಕೆ ಬಸ್ಸಿನ ಮೇಲೆ, ಲಗೇಜಿನ ನಡುವೆ, ಗೌರವದ ಸ್ಥಾನ ಸಿಕ್ಕಿತು. ಕುಂದಾಪುರ ತಲುಪಿದ ಕೂಡಲೇ ಅವರ ತಾಯಿ ಅದನ್ನು ಮಲ್ಲಿಗೆಯ ಬುಡಕ್ಕೆ ಸುರಿದು, ಲತಾಮಣಿಯ ಮುಡಿಗೆ ಮೊಳ ಹೂವು ಕೊಟ್ಟರು. ಹೀಗೆ ನನ್ನ ಮರ್ಯಾದೆ ಉಳಿಯಿತು, ಎರೆ ಹೋಯಿತು.

ಮಾರನೆಯ ದಿನ ಬೆಳಿಗ್ಗೆ ಕಡಲು. ನೀಲಿ ಸೀರೆಯುಟ್ಟ ಲತಾಮಣಿ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನ ಅಂಚಿಗೆ ಹೋಗಿ ನಿಂತಳು. ಅಲೆ ಬಂದು ಅವಳ ಪಾದ ತೊಳೆದು ಹಿಂದೆ ಸರಿಯಿತು. ಅವಳು ನನ್ನ ಕಡೆ ತಿರುಗಿ, “ಇಷ್ಟೊಂದು ನೀರು ಯಾರಿಗೂ ಹೇಳ್ದೆ ಇಲ್ಲೇ ಇತ್ತಾ?” ಅಂದಳು. ನಗುತ್ತಿದ್ದಳು. ಸಂಡಿಗೆಯ ದಿನದಿಂದ ಕಾಣೆಯಾಗಿದ್ದ ನಗು. ನಾನು ಅಲ್ಲಿಗೇ ತೃಪ್ತನಾಗಿ ಕೂರಬಹುದಿತ್ತು. ಆದರೆ ಘೋಷಣೆ ಮಾಡಿದ್ದೆನಲ್ಲ!

ಕೊಕ್ಕೆಗೆ ಬುತ್ತಿಯ ರಾಗಿ ಮುದ್ದೆ ಮೆತ್ತಿ, ಅಲೆಗಳಾಚೆ ಹೋಗಲೆಂದು ಭುಜ ಕಳಚುವ ಹಾಗೆ ಬೀಸಿದೆ. ಎಳೆದುಕೊಂಡರೆ ಖಾಲಿ ಕೊಕ್ಕೆ. ಮತ್ತೆ ಮೆತ್ತಿದೆ, ಮತ್ತೆ ಬೀಸಿದೆ. ಕಡಲು ನುಂಗುತ್ತಲೇ ಇತ್ತು, ಬೇಡ ಅನ್ನಲೂ ಇಲ್ಲ, ಸಾಕು ಅನ್ನಲೂ ಇಲ್ಲ. ಸುತ್ತ ಸೇರಿದ್ದ ನಮ್ಮ ಬಸ್ಸಿನ ಜನ ಒಬ್ಬೊಬ್ಬರೇ ತಿಂಡಿಗೆ ಎದ್ದು ಹೋದರು. ಸಾರು ಇಲ್ಲದೆ ಬರೀ ಮುದ್ದೆ ಹಾಕಿದರೆ ಯಾವ ಮೀನು ಉಂಡೀತು ಎಂದು ವಹಾಬನೂ ಹೊರಟ. ಕೊನೆಗೆ ಮುದ್ದೆಯೂ ಮುಗಿಯಿತು. ಗಳುವನ್ನು ಲತಾಮಣಿಯ ಕೈಗೆ ಕೊಟ್ಟು, ಸುಮ್ಮನೆ ಹಿಡಿದುಕೊಂಡಿರು, ಏನೂ ಮಾಡಬೇಡ ಎಂದು ತಾಕೀತು ಮಾಡಿ, ಇನ್ನೊಂದು ಮುದ್ದೆ ತರಲು ಬಸ್ಸಿನ ಹತ್ತಿರ ಹೋದೆ.

ಎಲ್ಲರ ಬುತ್ತಿಯನ್ನೂ ತಡಕಿ ಮುದ್ದೆ ಹುಡುಕಿ ಹೊರಡುವಷ್ಟರಲ್ಲಿ ಗಂಟೆಯೇ ಕಳೆದಿತ್ತು, ಆಗ ದಡದ ಕಡೆಯಿಂದ ಗಲಾಟೆ ಕೇಳಿತು. ಲತಾಮಣಿಯನ್ನೇ ಅಲೆ ಎಳೆದುಕೊಂಡಿತೇನೋ ಎಂದು ಮುದ್ದೆ ಸಮೇತ ಓಡಿದೆ. ತಿಂಡಿ ಮುಗಿಸಿ ಮತ್ತೆ ಸೇರಿದ್ದ ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದರೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾಳೆ. ಅವಳ ಕಾಲ ಬುಡದಲ್ಲಿ ಬೆಳ್ಳಿಯ ಕಡ್ಡಿಗಳ ಹಾಗೆ ಮೀನುಗಳು ಪಟಪಟ ಹಾರುತ್ತಿವೆ.

“ಕಾಣೆಯೇ, ಅನುಮಾನವಿಲ್ಲ” ಎಂದು ಸೂಪರ್‌ವೈಸರ್ ತೀರ್ಪು ಕೊಟ್ಟರು.

ಆಗಿದ್ದಿಷ್ಟು. ನಿಂತಲ್ಲೇ ಅವಳ ಕಾಲಿಗೆ ಮರಳಿನೊಳಗಿನ ಪುಟ್ಟ ಚಿಪ್ಪುಗಳು ಸಿಕ್ಕಿವೆ. ಒಂದನ್ನು ಒಡೆದರೆ ಒಳಗೆ ಮೆತ್ತನೆಯ ಜೀವ. ಹುಳ ಮುಟ್ಟಿ ಬೆಳೆದವಳಿಗೆ ಏನು ಅಸಹ್ಯ? ತೆಗೆದು ಕೊಕ್ಕೆಗೆ ಚುಚ್ಚಿದ್ದಾಳೆ. ದೂರಕ್ಕೆ ಬೀಸಲು ಬಾರದೆ ಮೊಣಕಾಲುದ್ದದ ನೀರಿನಲ್ಲಿ ಸುಮ್ಮನೆ ಬಿಟ್ಟಿದ್ದಾಳೆ. ಮೀನುಗಳು ಅಲ್ಲೇ ಇದ್ದವು. ನಾನು ಬೆಳಗಿನಿಂದ ಅವುಗಳ ತಲೆಯ ಮೇಲಿಂದ ಮುದ್ದೆ ಹಾರಿಸುತ್ತಿದ್ದೆ.

ಸೂಪರ್‌ವೈಸರ್ ಮನೆಯಲ್ಲಿ ಮೀನು ಹುರಿದರು. ಇಡೀ ಬಸ್ಸಿಗೆ ಬೆರಳಷ್ಟು ಬೆರಳಷ್ಟು ಬಂತು. ನನ್ನ ಪಾಲನ್ನು ಬಾಯಿಗಿಡುವಾಗ ಹಳೆಯ ಜಂಬ ಒಸಿ ಮರಳಿ ಬಂತು.

“ಏನಮ್ಮಿ, ದೋಣಿ ಇಲ್ದೆ ಮೀನು ಹಿಡಿಬೋದು ಅಂತ ನಾನು ಹೇಳಿರ್ಲಿಲ್ವಾ?” ಅಂದೆ.

ಲತಾಮಣಿ ಮುಳ್ಳು ಬಿಡಿಸುತ್ತ, ತಲೆಯೆತ್ತದೆ ಅಂದಳು: “ಹೇಳಿದ್ರಿ. ಗಂಡ ಇಲ್ದೆನೂ ಹಿಡಿಬೋದು ಅಂತ ಹೇಳಿರ್ಲಿಲ್ಲ.”