ಕೆಂಪು ಕೋಟಿನ ಕ್ಯಾಪ್ಟನ್

ಇಷ್ಟು ದೊಡ್ಡ ರಾದ್ಧಾಂತಕ್ಕೆ ಕಾರಣ ಒಂದು ಜಿಪ್ಪು ಅಂದರೆ ಹೊರಗಿನವರು ನಂಬುವುದಿಲ್ಲ. ನಮ್ಮ ಕಡಲೂರು ಪೊಲ್‌ವೆನ್ನದವರು ನಂಬುತ್ತಾರೆ. ಆ ಜಿಪ್ಪು ಬಿದ್ದದ್ದು ಡೆನ್ಜಿಲ್ ಟ್ರೆಂಬಾತನ ಕಣ್ಣಿಗೆ ಅಂತ ಗೊತ್ತಾದರೆ ಸಾಕು, "ಹಾಗಾದರೆ ಸರಿ, ಮುಂದಿನದು ಹೇಳಿ" ಅನ್ನುತ್ತಾರೆ.

ಡೆನ್ಜಿಲ್ ನಮ್ಮೂರಿನ ಪಾರ್ಕಿಂಗ್ ಕಾವಲುಗಾರ. ಹಳದಿ ಗೆರೆಯ ಮೇಲೆ ನಿಂತ ಸ್ವಂತ ಅತ್ತೆಯ ಕಾರಿಗೆ ದಂಡದ ಚೀಟಿ ಅಂಟಿಸಿ, ಅಲ್ಲಿಂದ ನೇರ ಅದೇ ಅತ್ತೆಯ ಮನೆಗೆ ಊಟಕ್ಕೆ ಹೋದ ಧೀರ. ಆದರೆ ಅವನ ಜೀವವೆಲ್ಲ ಇದ್ದದ್ದು ಕಡಲ್ಗಳ್ಳರಲ್ಲಿ. ಯಾವ ಕಳ್ಳ ಯಾವ ಹಡಗು ದೋಚಿದ, ಏನು ತಿಂದ, ಎಂಥ ಗುಂಡಿ ಹಾಕಿಕೊಂಡ, ಎಲ್ಲ ಬಾಯಿಪಾಠ.

ಪ್ರತಿವರ್ಷ ಜೂನ್ ತಿಂಗಳ ಒಂದು ಶನಿವಾರ ನಮ್ಮ ಕಡಲ್ಗಳ್ಳರ ಸಂಘದವರು ಮುನ್ನೂರು ವರ್ಷದ ಹಿಂದಿನ ವೇಷ ತೊಟ್ಟು, ಹಳೇ ಮೀನುದೋಣಿ ಹತ್ತಿ ಬಂದರಿನ ಮೇಲೆ ದಾಳಿ ಮಾಡುತ್ತಾರೆ. ಮೇಯರಮ್ಮ ಬಿಳಿ ಬಾವುಟ ಬೀಸಿ ಊರನ್ನು ಒಪ್ಪಿಸುತ್ತಾರೆ. ಜನ ಐಸ್‌ಕ್ರೀಮ್ ನೆಕ್ಕುತ್ತ ಚಪ್ಪಾಳೆ ಹೊಡೆಯುತ್ತಾರೆ. ಇದರಲ್ಲಿ ಒಂಬತ್ತು ವರ್ಷದಿಂದ ಡೆನ್ಜಿಲನಿಗೆ ಸಿಕ್ಕಿದ್ದು ಒಂದೇ ಪಾತ್ರ: ಲೂಟಿಯಾಗುವ ವ್ಯಾಪಾರಿ. "ಅಯ್ಯೋ, ನನ್ನ ಸಕ್ಕರೆ!" ಅಂತ ಒಂದು ಸಲ ಕೂಗಬೇಕು, ಆಮೇಲೆ ಮೂಟೆಯ ಸಮೇತ ನೀರಿಗೆ ಬೀಳಬೇಕು.

ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಒಂದೇ ಒಂದು ಸಲ ಕ್ಯಾಪ್ಟನ್ ಆಗಿ ದೋಣಿಯ ಮೂತಿಯ ಮೇಲೆ ನಿಂತು ಕತ್ತಿ ಎತ್ತಬೇಕು. ಆ ದಿನಕ್ಕಾಗಿ ಮೂರು ಚಳಿಗಾಲ ಕೂತು, ಬೆರಳೆಲ್ಲ ಚುಚ್ಚಿಸಿಕೊಂಡು, ಕೆಂಪು ಉಣ್ಣೆಯ ಕೋಟೊಂದನ್ನು ಕೈಯಲ್ಲೇ ಹೊಲಿದಿದ್ದ. ಹಿತ್ತಾಳೆ ಗುಂಡಿ, ಚಿನ್ನದ ಬಣ್ಣದ ಅಂಚು. ನೋಡಿದರೆ ರಾಜನೂ ಒಂದು ಗಳಿಗೆ ನಿಂತು ಹೋಗಬೇಕು, ಹಾಗಿತ್ತು.

ಆ ಶನಿವಾರ ಬೆಳಿಗ್ಗೆಯೂ ಅವನು ಕೋಟನ್ನು ಚೀಲದಲ್ಲಿ ತುರುಕಿಕೊಂಡ. ಹೆಂಡತಿ ಮಾರ್ವೆನಾ ನೋಡಿಬಿಟ್ಟಳು. ಇಡೀ ಸಂಘದ ವೇಷಭೂಷಣದ ಜವಾಬ್ದಾರಿ ಅವಳದೇ.

"ಮತ್ತೆ ಅದನ್ನ ಯಾಕೆ ಹೊತ್ಕೊಂಡು ಹೋಗ್ತೀಯಾ? ವ್ಯಾಪಾರಿ ಕಂದು ಕೋಟು ತಾನೇ ಹಾಕೋದು?"

"ಗಾಳಿಗೆ ಇರಲಿ ಅಂತ."

"ಹೊಲಿದಾಗಿನಿಂದ ಅದಕ್ಕೆ ಬರೀ ಗಾಳಿನೇ ಆಯ್ತು. ನನ್ನನ್ನಾದರೂ ಇಷ್ಟು ಸಲ ಗಾಳಿಗೆ ಕರ್ಕೊಂಡು ಹೋಗಿದ್ದೀಯಾ?"

ಡೆನ್ಜಿಲ್ ಚೀಲ ಹೆಗಲಿಗೇರಿಸಿ ಬಂದರಿಗೆ ನಡೆದ.

ಕಡಲಕಟ್ಟೆಯ ಮೇಲೆ ಕ್ಯಾಪ್ಟನ್ ಕ್ಲೆಮ್ ಪ್ಯಾಸ್ಕೋ ಆಗಲೇ ಅಬ್ಬರಿಸುತ್ತಿದ್ದ. ಕ್ಲೆಮ್ ನಮ್ಮೂರಿನ ಬೇಕರಿಯವನು. ಮಾಂಸ, ಆಲೂಗಡ್ಡೆ ತುಂಬಿದ ಅವನ ಪ್ಯಾಸ್ಟಿಗೆ ಸುತ್ತೂರಿನಲ್ಲೆಲ್ಲ ಹೆಸರು. ಅಷ್ಟೇ ಹೆಸರು ಅವನ ಹೊಟ್ಟೆಗೂ ಇತ್ತು. ಸಂಘದವರಿಗೆ ಹಂಚುತ್ತಿದ್ದಾಗ ಒಂದು ಪ್ಯಾಸ್ಟಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಕ್ಲೆಮ್ ಬಗ್ಗಿದ. ಅವನ ಚಡ್ಡಿಯ ಪಕ್ಕೆಯಲ್ಲಿ ಏನೋ ಫಳಕ್ಕನೆ ಮಿಂಚಿತು.

"ಜಿಪ್ಪು!" ಅಂತ ಡೆನ್ಜಿಲ್ ಚೀರಿದ ರಭಸಕ್ಕೆ ಕಡಲಕ್ಕಿಗಳೆಲ್ಲ ಎದ್ದು ಹಾರಿದವು.

"ಏನೋ ಅದು, ಹಾವು ಕಂಡವನ ಹಾಗೆ?" ಅಂದ ಕ್ಲೆಮ್.

"ಕ್ಯಾಪ್ಟನ್ ಚಡ್ಡಿಯಲ್ಲಿ ಜಿಪ್ಪು! ಜಿಪ್ಪು ಹುಟ್ಟೋಕೆ ಇನ್ನೂ ಇನ್ನೂರು ವರ್ಷ ಇದೆ! ನಿಯಮ ಏನು? ನಮ್ಮ ಕಾಲದ ಯಾವ ವಸ್ತುವೂ ದೋಣಿ ಹತ್ತೋ ಹಾಗಿಲ್ಲ. ನಾನು ನನ್ನ ಪ್ಲಾಸ್ಟಿಕ್ ಕನ್ನಡಕ ತೆಗೆದಿಟ್ಟು ಕುರುಡನ ಹಾಗೆ ತಡಕಾಡ್ತೀನಲ್ಲ, ಯಾತಕ್ಕೆ?"

"ಗುಂಡಿ ನಿಲ್ಲಲ್ಲ ಮಾರಾಯ. ಹೊಟ್ಟೆ ಕೇಳಬೇಕಲ್ಲ! ನಿನ್ನ ಹೆಂಡ್ತಿನೇ ಹಾಕಿಕೊಟ್ಟಳು."

ಎಲ್ಲರೂ ಲವ್‌ಡೇ ಮಿಸ್ ಕಡೆ ತಿರುಗಿದರು. ಮಿಸ್ ಸಂಘದ ಹಿರಿಯರು. ಅಲ್ಲಿದ್ದ ಕಡಲ್ಗಳ್ಳರಿಗೆಲ್ಲ ಅ ಆ ಕಲಿಸಿದವರು. ಗಡ್ಡ ನೆರೆತ ಕಳ್ಳರೂ ಅವರ ಮುಂದೆ ಮಾತಾಡಬೇಕಾದರೆ ಇವತ್ತಿಗೂ ಕೈ ಎತ್ತುತ್ತಾರೆ.

"ನಿಯಮ ಅಂದರೆ ನಿಯಮ, ಕ್ಲೆಮ್," ಅಂದರು ಮಿಸ್. "ಆದರೆ ಡೆನ್ಜಿಲ್, ಒಂದು ಗಂಟೆಗೆ ದಾಳಿ. ಕ್ಯಾಪ್ಟನ್ ಇಲ್ಲದೆ ಹೇಗಪ್ಪಾ?"

ಈ ಪ್ರಶ್ನೆಗಾಗಿ ಡೆನ್ಜಿಲ್ ಒಂಬತ್ತು ವರ್ಷ ಕಾದಿದ್ದ. ಎದೆ ಸೆಟೆಸಿ ನಿಂತು ಹೇಳಿದ:

"ನಿಜವಾದ ಕಡಲ್ಗಳ್ಳರು ಏನು ಮಾಡ್ತಿದ್ದರೋ ಅದನ್ನೇ ಮಾಡೋಣ ಮಿಸ್. ಕ್ಯಾಪ್ಟನ್ನನ್ನ ಆರಿಸೋದೂ ಹಡಗಿನವರ ಮತ, ಇಳಿಸೋದೂ ಹಡಗಿನವರ ಮತ. ಯುದ್ಧ ನಡೀವಾಗ ಮಾತ್ರ ಅವನನ್ನ ಯಾರೂ ಮುಟ್ಟೋ ಹಾಗಿಲ್ಲ. ಇಳಿಸಿದವನನ್ನ ಒಂದು ಸೀಸೆ ನೀರು, ಒಂದು ಪಿಸ್ತೂಲು ಕೊಟ್ಟು ಬಂಡೆ ಮೇಲೆ ಬಿಟ್ಟು ಬರೋದು. ಅದು ಇತಿಹಾಸ!"

"ಬಂಡೆ ಮೇಲೆ?" ಅಂದ ಕ್ಲೆಮ್, ಡೆನ್ಜಿಲನನ್ನೇ ನೋಡುತ್ತ, ಆಸೆಯಿಂದ.

ಮತಕ್ಕೆ ಇಬ್ಬರು ನಿಂತರು: ಡೆನ್ಜಿಲ್, ಮತ್ತು ಚಡ್ಡಿ ಬದಲಿಸಿಕೊಂಡು ಬರುವುದಾಗಿ ಒಪ್ಪಿದ ಕ್ಲೆಮ್. ಕೈಗಳು ಎದ್ದವು. ಕ್ಲೆಮ್‌ನ ಪ್ಯಾಸ್ಟಿ ತಿಂದು ಮುಗಿಸಿದವರು ಡೆನ್ಜಿಲ್ ಕಡೆ, ಇನ್ನೂ ತಿನ್ನುತ್ತಿದ್ದವರು ಕ್ಲೆಮ್ ಕಡೆ. ಎಣಿಸಿದರೆ ಸಮ ಸಮ.

"ಹೆಡ್ಲಿ ಎಲ್ಲಿ?" ಅಂತ ಮಿಸ್ ಕೇಳಿದರು. "ಉಳಿದಿರೋದು ಅವನೊಬ್ಬನೇ."

ಹೆಡ್ಲಿ ಊರಿನ ಶವಸಂಸ್ಕಾರದ ಅಂಗಡಿಯವನು. ಅವನು ಬಂದಿದ್ದ, ಆದರೆ ಗಾಡಿ ನಿಲ್ಲಿಸಲು ಜಾಗ ಸಿಗದೆ ಬೆಳಗಿನಿಂದ ಊರು ಸುತ್ತುತ್ತಿದ್ದ. ಡೆನ್ಜಿಲ್ ಎದ್ದೆನೋ ಬಿದ್ದೆನೋ ಅಂತ ಓಡಿದ. ಚರ್ಚಿನ ತಿರುವಿನಲ್ಲಿ ಹೆಡ್ಲಿಯ ಉದ್ದನೆಯ ಕಪ್ಪು ಹೆಣದ ಗಾಡಿ ಎದುರಾಯಿತು. ಹಿಂದೆ ಹೊಚ್ಚ ಹೊಸ ಖಾಲಿ ಶವಪೆಟ್ಟಿಗೆ. ಸ್ಟಿಯರಿಂಗ್ ಹಿಂದೆ ತಲೆಬುರುಡೆ ಚಿತ್ರದ ಟೋಪಿ ಹಾಕಿಕೊಂಡ ಹೆಡ್ಲಿ. ದಾರಿಯಲ್ಲಿ ಕಂಡ ಮುದುಕರೆಲ್ಲ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಿದ್ದರು.

"ಹೆಡ್ಲಿ, ನನ್ನ ರಾಜಾ, ನಿನ್ನ ಮತ ನನಗೆ ಕೊಡು!"

"ಮತ ಹಾಳಾಗಲಿ, ಜಾಗ ಕೊಡು ಮೊದಲು! ಹೋದ ವಾರ ಹೆಣ ಇಳಿಸ್ತಿದ್ದಾಗ ನನಗೆ ದಂಡ ಹಾಕಿದವನು ನೀನು. ಸತ್ತವನಿಗೆ ಅರ್ಜೆಂಟ್ ಏನಿಲ್ಲ ಅಂದೆ!"

"ಜಾಗ ಕೊಟ್ಟರೆ?"

"ಕೊಟ್ಟರೆ ಎರಡೂ ಕೈ ಎತ್ತುತ್ತೀನಿ."

ಬಂದರಿನಲ್ಲಿ ದೋಣಿಗಳನ್ನು ನೀರಿಗಿಳಿಸುವ ಕಲ್ಲಿನ ಇಳಿಜಾರು ಒಂದಿದೆ. ಅದಕ್ಕೆ ಅಡ್ಡವಾಗಿ ಸರಪಳಿ, ಸರಪಳಿಗೆ ಬೀಗ, ಬೀಗದ ಕೈ ಡೆನ್ಜಿಲ್ ಹತ್ತಿರ. ಅಲ್ಲಿ ಗಾಡಿ ನಿಲ್ಲಿಸಲು ಬಂದವರಿಗೆಲ್ಲ ಅವನು ಒಂದೇ ಪಾಠ ಹೇಳುತ್ತಿದ್ದ: "ಸ್ವಾಮಿ, ಹುಣ್ಣಿಮೆ ಉಬ್ಬರಕ್ಕೆ ನೀರು ಇಲ್ಲಿವರೆಗೆ ಬರುತ್ತೆ. ಸಮುದ್ರ ಹಾರ್ನ್ ಹೊಡೆದು ಬರಲ್ಲ." ಹಿಂದಿನ ರಾತ್ರಿ ಹುಣ್ಣಿಮೆ. ಚಂದ್ರನನ್ನು ಅವನೂ ನೋಡಿದ್ದ. ಆದರೆ ಕ್ಯಾಪ್ಟನ್ ಪಟ್ಟ ಕಣ್ಣೆದುರಿಗಿರುವಾಗ ಚಂದ್ರನ ನೆನಪು ಯಾರಿಗಿರುತ್ತದೆ? ಜೀವಮಾನದಲ್ಲಿ ಮೊದಲ ಸಲ ಡೆನ್ಜಿಲ್ ಸರಪಳಿ ತೆಗೆದ.

ಹೆಡ್ಲಿ ಗಾಡಿ ನಿಲ್ಲಿಸಿ ಬಂದು ಕೈ ಎತ್ತಿದ.

"ಒಂದೇ ಕೈ, ಹೆಡ್ಲಿ," ಅಂದರು ಮಿಸ್. "ಡೆನ್ಜಿಲ್ ಗೆದ್ದ."

ಕೆಂಪು ಕೋಟು ಚೀಲದಿಂದ ಹೊರಬಂತು. "ಆಹಾ!" ಅಂತ ಕ್ಲೆಮ್ ಕೂಡ ಬಾಯಿಬಿಟ್ಟ. ಡೆನ್ಜಿಲ್ ಕನ್ನಡಕವನ್ನು ಮಾರ್ವೆನಾಳ ಕೈಗೆ ಕೊಟ್ಟ. ಅವಳು ಅವನ ಕಾಲರ್ ಸರಿಮಾಡಿ, "ಚೆನ್ನಾಗಿ ಕಾಣ್ತೀಯಾ ಕಣೋ. ನೀರಿಗೆ ಮಾತ್ರ ಬೀಳಬೇಡ," ಅಂದಳು. ಕ್ಲೆಮ್ ಗೊಣಗುತ್ತ ಕಂದು ಕೋಟಿನೊಳಗೆ ತೂರಿ ವ್ಯಾಪಾರಿಯಾದ.

ಒಂದು ಗಂಟೆಗೆ ತೋಪು ಢಂ ಅಂದಿತು. ದೋಣಿ ಬಂದರಿನೊಳಗೆ ನುಗ್ಗಿತು. ಮೂತಿಯ ಮೇಲೆ ಕ್ಯಾಪ್ಟನ್ ಡೆನ್ಜಿಲ್! ಗಾಳಿಗೆ ಕೆಂಪು ಕೋಟು ಪಟಪಟ ಅನ್ನುತ್ತಿದೆ, ಕೈಯಲ್ಲಿ ಕತ್ತಿ ಹೊಳೆಯುತ್ತಿದೆ. "ಅಯ್ಯೋ, ನನ್ನ ಸಕ್ಕರೆ!" ಅಂತ ಕ್ಲೆಮ್ ನೀರಿಗೆ ಬಿದ್ದಾಗ ಎದ್ದ ನೀರಿಗೆ ಮುಂದಿನ ಸಾಲಿನವರ ಐಸ್‌ಕ್ರೀಮ್ ಕರಗಿಹೋಯಿತು. ಡೆನ್ಜಿಲನಿಗೆ ಕುಣಿಯುವಷ್ಟು ಖುಷಿ. ಕನ್ನಡಕವಿಲ್ಲದ ಅವನ ಕಣ್ಣಿಗೆ ಕಡಲಕಟ್ಟೆಯ ಜನವೆಲ್ಲ ಬಣ್ಣದ ಮೋಡದ ಹಾಗೆ ಕಾಣುತ್ತಿತ್ತು. ಆ ಮೋಡ ಇದ್ದಕ್ಕಿದ್ದ ಹಾಗೆ ಕೈ ಬೀಸತೊಡಗಿತು. ಕೂಗತೊಡಗಿತು.

"ನೋಡಿದ್ರಾ ಮಿಸ್, ಜನ ಹುಚ್ಚೆದ್ದಿದ್ದಾರೆ!"

"ಡೆನ್ಜಿಲ್, ಅವರು ನಿನ್ನ ಹಿಂದೆ ತೋರಿಸ್ತಿದ್ದಾರೆ ಕಣಪ್ಪಾ," ಅಂದರು ಮಿಸ್.

ಹಿಂದೆ ಉಬ್ಬರದ ನೀರು ಸದ್ದಿಲ್ಲದೆ ಇಳಿಜಾರು ಏರಿತ್ತು. ಹೆಣದ ಗಾಡಿ ಮೂತಿ ಅಲ್ಲಾಡಿಸುತ್ತ, ಎಮ್ಮೆ ಕೆರೆಗಿಳಿದ ಹಾಗೆ ನಿಧಾನಕ್ಕೆ ನೀರಿಗಿಳಿಯುತ್ತಿತ್ತು. ಹಿಂದಿನ ಬಾಗಿಲು ಪಟ್ಟನೆ ತೆರೆದು, ಪಾಲಿಶ್ ಹಚ್ಚಿದ ಶವಪೆಟ್ಟಿಗೆ ಗಂಭೀರವಾಗಿ ತೇಲಿಕೊಂಡು ಹೊರಟಿತು.

"ನನ್ನ ಗಾಡಿ! ನನ್ನ ಪೆಟ್ಟಿಗೆ!" ಹೆಡ್ಲಿ ತಲೆಬುರುಡೆ ಟೋಪಿ ಸಮೇತ ನೀರಿಗೆ ಹಾರಿದ. ಈಜಿಕೊಂಡು ಹೋಗಿ ಪೆಟ್ಟಿಗೆ ಹತ್ತಿ ಕುದುರೆ ಸವಾರನ ಹಾಗೆ ಕೂತು, ಎರಡೂ ಕೈಯಲ್ಲಿ ನೀರು ಬಡಿಯುತ್ತ, ಬಾಯಿಗೆ ಬಂದ ಹಾಗೆ ಬೈಯುತ್ತ ಗಾಡಿಯ ಕಡೆ ಹೊರಟ. ಕಡಲಕಟ್ಟೆಯ ಮೇಲೆ ಶಿಳ್ಳೆ, ಕೇಕೆ. "ಅಬ್ಬಬ್ಬಾ, ಈ ವರ್ಷ ಭರ್ಜರಿ ಖರ್ಚು ಮಾಡಿದ್ದಾರೆ!" ಅಂದರು ಜನ. ಮೀನುಗಾರರು ಟ್ರ್ಯಾಕ್ಟರ್ ತಂದು, ಹಗ್ಗ ಕಟ್ಟಿ ಗಾಡಿ ಎಳೆದರು. ಅದಕ್ಕೂ ಚಪ್ಪಾಳೆ.

ದೋಣಿಯ ಮೇಲೆ ಮಾತ್ರ ಯಾರೂ ಚಪ್ಪಾಳೆ ಹೊಡೆಯಲಿಲ್ಲ. "ಸರಪಳಿ ತೆಗೆದದ್ದು ಯಾರು?" ಅಂತ ಒದ್ದೆ ಮೂಟೆಯ ಹಾಗೆ ದೋಣಿ ಹತ್ತಿದ ಕ್ಲೆಮ್ ಕೇಳಿದ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಊರಿಗೆಲ್ಲ ಗೊತ್ತು. "ಮಿಸ್, ನಾನು ಮತ ಕೇಳ್ತೀನಿ. ಈ ಕ್ಯಾಪ್ಟನ್ ಇಳೀಲಿ!"

ಡೆನ್ಜಿಲ್ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ಇತಿಹಾಸ ಕೈಹಿಡಿಯಿತು.

"ಯುದ್ಧ ನಡೀವಾಗ ಮುಟ್ಟೋ ಹಾಗಿಲ್ಲ!" ಅಂತ ಅರಚಿದ. "ಹೊಡೀರಿ ತೋಪು!"

ಅತ್ತ ಮೇಯರಮ್ಮ ಬಿಳಿ ಬಾವುಟ ಬೀಸಿದರು. "ಶರಣು! ಊರು ನಿಮ್ಮದೇ!"

"ಶರಣಾಗತಿ ಒಪ್ಪಲ್ಲ!" ಅಂದ ಡೆನ್ಜಿಲ್.

ಮೇಯರಮ್ಮ ಬಾವುಟ ಇಳಿಸಿ ಧ್ವನಿವರ್ಧಕ ಹಿಡಿದರು. "ಡೆನ್ಜಿಲ್, ಶರಣಾಗಿದ್ದೀವಿ ಕಣಯ್ಯಾ! ನನಗೆ ಎರಡೂವರೆಗೆ ಇನ್ನೊಂದು ಕಡೆ ಕಾರ್ಯಕ್ರಮ ಇದೆ!"

"ಹೋರಾಡಿ ಹೇಡಿಗಳಾ! ಹೊಡೀರಿ ಇನ್ನೊಂದು!"

ಢಂ. ಢಂ. ಹೀಗೆ ಊರು ಮೂರು ಸಲ ಶರಣಾಯಿತು, ಮೂರು ಸಲವೂ ಕ್ಯಾಪ್ಟನ್ ಒಪ್ಪಲಿಲ್ಲ. ನಾಲ್ಕನೆಯ ಸಲ ತೋಪು ಫುಸ್ ಅಂದಿತು.

"ಮದ್ದು ಮುಗೀತು. ಯುದ್ಧವೂ ಮುಗೀತು," ಅಂದರು ಲವ್‌ಡೇ ಮಿಸ್, ಶಾಲೆಯ ಗಂಟೆ ಹೊಡೆದ ದನಿಯಲ್ಲಿ. "ಕೈ ಎತ್ತಿ ಮಕ್ಕಳೇ."

ದೋಣಿಯ ಕೈಗಳೆಲ್ಲ ಎದ್ದವು. ನೀರಿನ ಮೇಲಿಂದ ಹೆಡ್ಲಿ ಎರಡೂ ಕೈ ಎತ್ತಿದ.

ಬಂದರಿನ ಬಾಯಲ್ಲಿ ನೀರುಕಾಗೆಗಳ ಬಂಡೆಯೊಂದಿದೆ. ಒಂದು ಸೀಸೆ ನೀರು, ಮರದ ಪಿಸ್ತೂಲು ಕೊಟ್ಟು ಡೆನ್ಜಿಲನನ್ನು ಅಲ್ಲಿ ಇಳಿಸಿದರು. ಕ್ಲೆಮ್ ಎಷ್ಟಾದರೂ ಒಳ್ಳೆಯವನು. ಒಂದು ಪ್ಯಾಸ್ಟಿಯನ್ನೂ ಕೈಗಿಟ್ಟ. "ಇದು ಇತಿಹಾಸದಲ್ಲಿ ಇಲ್ಲ, ಆದರೂ ತಿನ್ನು."

ಡೆನ್ಜಿಲ್ ಬಾಯಿ ತೆರೆಯುವುದರೊಳಗೆ ಒಂದು ಕಡಲಕ್ಕಿ ಎರಗಿ ಪ್ಯಾಸ್ಟಿ ಕಿತ್ತುಕೊಂಡಿತು. ಅವನು ಪಿಸ್ತೂಲು ಬೀಸಿದ. ಇನ್ನೊಂದು ಹಕ್ಕಿ ಟೋಪಿ ಒಯ್ದಿತು. ಅವನು ಕುಣಿದ, ಬೈದ, ಜಾರಿಬಿದ್ದ, ಎದ್ದು ಮತ್ತೆ ಬೈದ. ದಡದ ಮೇಲೆ ನಗುವಿನ ಅಲೆ ಎದ್ದಿತು. ಜನ ಫೋನು ಎತ್ತಿ ಹಿಡಿದರು. ಆಮೇಲೆ ಅವನು ಮೊಣಕಾಲಿನ ಮೇಲೆ ತಲೆಯಿಟ್ಟು ಕೂತ. ಕ್ಯಾಪ್ಟನ್‌ಗಿರಿ ಒಂದು ಮಧ್ಯಾಹ್ನವೂ ಬಾಳಲಿಲ್ಲವಲ್ಲಾ ಅಂತ ಕಣ್ಣು ತುಂಬಿ ಬಂತು.

ಹೊತ್ತು ಇಳಿಯುವಾಗ ದೋಣಿ ಬಂತು. ಮಿಸ್, ಕ್ಲೆಮ್, ಮಾರ್ವೆನಾ ಮೂವರೂ ಇದ್ದರು. ಮೂವರ ಮುಖದಲ್ಲೂ ಹಬ್ಬದ ಕಳೆ.

"ಹತ್ತು ಬೇಗ!" ಅಂದ ಕ್ಲೆಮ್. "ಇಷ್ಟು ಜನ ಯಾವತ್ತೂ ಸೇರಿರಲಿಲ್ಲ ಮಾರಾಯ! ಮೇಯರಮ್ಮ ಬೇರೆ ಕಾರ್ಯಕ್ರಮ ಬಿಟ್ಟು ಇಲ್ಲೇ ಕೂತರು. ಮುಂದಿನ ವರ್ಷಕ್ಕೆ ಈಗಲೇ ಮತ ಹಾಕಿ ಆಯ್ತು."

"ಯಾರಿಗೆ?"

"ನಿನಗೇ ಕಣಪ್ಪಾ," ಅಂದರು ಮಿಸ್. "ಒಂದು ಕೈಯೂ ಕೆಳಗಿರಲಿಲ್ಲ."

"ಹೆಡ್ಲಿದೂ?"

"ಮೊದಲು ಎತ್ತಿದ್ದೇ ಅವನು."

ಡೆನ್ಜಿಲ್ ಥಟ್ಟನೆ ದೋಣಿ ಹತ್ತಿದ. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ದೋಣಿಯ ಮೂತಿಯ ಮೇಲೆ ಹೋಗಿ ನಿಂತ. "ಸ್ನೇಹಿತರೇ, ತಪ್ಪು ನನ್ನದೂ ಇತ್ತು. ಆದರೆ ನಿಮ್ಮ ಕ್ಯಾಪ್ಟನ್ ಆಗಿ ಮುಂದಿನ ವರ್ಷ ನಾನು..."

"ಕ್ಯಾಪ್ಟನ್?" ಅಂದ ಕ್ಲೆಮ್. "ಕ್ಯಾಪ್ಟನ್ ಹೆಡ್ಲಿ. ಶವಪೆಟ್ಟಿಗೆ ಮೇಲೆ ಕೂತು ಬರೋ ಕ್ಯಾಪ್ಟನ್ ಈ ಕರಾವಳಿಯಲ್ಲಿ ಇನ್ಯಾರಿದ್ದಾರೆ? ನಿನ್ನನ್ನ ಆರಿಸಿದ್ದು ಬಂಡೆಗೆ. ಮುಂದಿನ ವರ್ಷದಿಂದ ಬೆಳಿಗ್ಗೆನೇ ತಂದು ಬಿಡ್ತೀವಿ. ಜನ ಮಧ್ಯಾಹ್ನದ ತನಕ ಯಾಕೆ ಕಾಯಬೇಕು?"

"ನಾನು ಒಪ್ಪಲ್ಲ!"

"ಬಹುಮತ, ಡೆನ್ಜಿಲ್," ಅಂದರು ಮಿಸ್ ಮೆಲ್ಲಗೆ. "ಇತಿಹಾಸ."

ಡೆನ್ಜಿಲ್ ಕುಸಿದು ಕೂತ. ಮಾರ್ವೆನಾ ಪಕ್ಕದಲ್ಲಿ ಬಂದು ಕೂತು, ಪ್ರೀತಿಯಿಂದ ಅವನ ಕನ್ನಡಕ ಅವನ ಮೂಗಿಗೇರಿಸಿದಳು. ಲೋಕ ಮತ್ತೆ ಸ್ಪಷ್ಟವಾಯಿತು. ಮೊದಲು ಕಂಡದ್ದು ಅವಳ ಕೈಯಲ್ಲಿದ್ದ ದೊಡ್ಡ ಕತ್ತರಿ.

"ಕೋಟು ಬಿಚ್ಚು," ಅಂದಳು.

"ಯಾಕೆ?"

"ಬಂಡೆ ಮೇಲೆ ಬಿಟ್ಟವನು ಚಿಂದಿ ಉಟ್ಟಿರಬೇಕು ಕಣೋ. ಇಷ್ಟು ಚೆನ್ನಾಗಿರೋ ಕೋಟು ನಿಯಮಕ್ಕೆ ಒಪ್ಪಲ್ಲ."