ಕಾಕುವಿನ ಕಟಗಿ ಮಾಸ್ತರ

ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಮದುವೆಯಾಗಿ ಖಾನಾಪುರಕ್ಕೆ ಬಂದಮೇಲೆ ಮಾವನ ಮುಂದೆಯಾಗಲಿ, ಭಾವನ ಮುಂದೆಯಾಗಲಿ ಒಂದು ದಿನವೂ ತಲೆಯ ಮೇಲೆ ಸೆರಗು ಹೊದ್ದವಳಲ್ಲ. "ತಲಿ ಬೆವರತೈತಿ" ಎಂದು ಮೊದಲ ದಿನವೇ ತೀರ್ಪು ಕೊಟ್ಟುಬಿಟ್ಟವಳು. ಅಂಥವಳು ಜೀವಮಾನದಲ್ಲಿ ಒಬ್ಬನೇ ಒಬ್ಬ ಗಂಡಸಿನ ಎದುರು ಸೆರಗು ಹೊದ್ದು ಕೂತಿದ್ದಾಳೆ. ಆ ಗಂಡಸು ಟಿವಿಯೊಳಗಿದ್ದ!

ಬಿಳಿ ಗಡ್ಡ, ಚೌಕಡಿ ಅಂಗಿ, ಮೂಗಿನ ತುದಿಗೆ ಚಶ್ಮಾ. ಸಮುದ್ರದಾಚೆಯ ಯಾವುದೋ ದೇಶದವನು. ಪ್ರತಿ ರವಿವಾರ ಬೆಳಿಗ್ಗೆ ಬಂದು, ಕಟ್ಟಿಗೆ ಕೊಯ್ದು, ಕೀಸಿ, ಕುರ್ಚಿಯನ್ನೋ ಕಪಾಟನ್ನೋ ಮಾಡಿ ತೋರಿಸಿ ಹೋಗುತ್ತಿದ್ದ. ಎಷ್ಟು ವರ್ಷದಿಂದ ಮಾಡುತ್ತಿದ್ದನೋ, ಅವನಿಗೇ ಗೊತ್ತು. ಕಾಕುವಿಗೆ ಅವನು 'ಮಾಸ್ತರ'. ಖಾನಾಪುರದಲ್ಲಿ ತನಗೊಬ್ಬ ಶಿಷ್ಯೆ ತಯಾರಾಗುತ್ತಿದ್ದಾಳೆ ಎಂಬ ಸುದ್ದಿ ಮಾತ್ರ ಮಾಸ್ತರನಿಗೆ ಮುಟ್ಟಿರಲಿಲ್ಲ. ಪುಣ್ಯವಂತ!

ಇದೆಲ್ಲ ಶುರುವಾದದ್ದು ರಿಮೋಟಿನಿಂದ. ಕಾಕಾ ಊಟಕ್ಕೆ ಕೂತಾಗ ಅದು ಕೈಜಾರಿ ಸಾರಿನ ಪಾತ್ರೆಯಲ್ಲಿ ಮುಳುಗಿತು. ಹೊಸದು ಬರುವವರೆಗೆ ಟಿವಿ ಒಂದೇ ಚಾನೆಲ್ಲಿಗೆ ಕಚ್ಚಿಕೊಂಡಿತು. ಅದರಲ್ಲಿ ಮಾಸ್ತರ ರಂದಾ ಹಿಡಿದು ಹಲಗೆ ಕೀಸುತ್ತಿದ್ದ. ತೆಳ್ಳಗೆ, ಸುರುಳಿ ಸುರುಳಿಯಾಗಿ ಸಿಪ್ಪೆ ಇಳಿಯುತ್ತಿತ್ತು. ಮೆಂತ್ಯದ ಸೊಪ್ಪು ಸೋಸುತ್ತಿದ್ದ ಕಾಕುವಿನ ಕೈ ನಿಂತಿತು.

"ಅಯ್ಯ! ಎಷ್ಟ ಛಂದ ಶಾವಿಗಿ ಇಳಿಯಾಕತ್ತಾವ ನೋಡ್ರಿ!"

"ಅದು ಕಟಗಿ," ಅಂದ ಕಾಕಾ.

"ಅದಕ್ಕ ಅಂದೆ. ಕಟಗ್ಯಾಗ ಶಾವಿಗಿ ತಗಿಯಾಂವ ಸಾದಾ ಮನಷ್ಯಾ ಅಲ್ಲ."

ಹೊಸ ರಿಮೋಟು ಬಂತು. ಚಾನೆಲ್ಲು ಬದಲಾಗಲಿಲ್ಲ. ಕಾರ್ಯಕ್ರಮ ಪೂರ್ತಿ ಇಂಗ್ಲಿಷಿನಲ್ಲಿ. ಕಾಕು ಓದಿದ್ದು ಕನ್ನಡ ಸಾಲಿಯ ಏಳನೆಯ ಇಯತ್ತೆ. "ತಿಳಿತೈತೇನ ಕಾಕು?" ಎಂದು ಒಮ್ಮೆ ಕೇಳಿದೆ. "ಕೈ ಏನ ಇಂಗ್ಲಿಷ್‌ನ್ಯಾಗ ಮಾತಾಡ್ತಾವೇನ?" ಎಂದು ನನ್ನನ್ನೇ ದಡ್ಡನನ್ನಾಗಿ ಮಾಡಿದಳು.

ಹಿತ್ತಲಿನಲ್ಲಿ ಎಮ್ಮೆ ಕಟ್ಟುತ್ತಿದ್ದ ಶೆಡ್ಡು ಖಾಲಿ ಬಿದ್ದಿತ್ತು. ಅದೇ ಕಾಕುವಿನ ಕಾರ್ಖಾನೆ ಆಯಿತು. ಮೊದಲು ಹುಟ್ಟಿದ್ದು ರೊಟ್ಟಿ ಬಡಿಯುವ ಮಣೆ. ಅದಕ್ಕೆ ನಾಲ್ಕು ಕಾಲು. ನಾಲ್ಕೂ ಕೂಡಿ ನೆಲ ಮುಟ್ಟಿದ ದಿನವಿಲ್ಲ. ಕಾಕು ರೊಟ್ಟಿ ಬಡಿಯಲು ಕೂತರೆ ಓಣಿಯಲ್ಲಿ ಕುದುರೆ ಓಡಿದ ಸಪ್ಪಳ. ಬಾಜು ಮನೆಯ ಮಕ್ಕಳು ಕುದುರೆ ನೋಡಲು ಹೊರಗೆ ಓಡಿ ಬರುತ್ತಿದ್ದವು! ಎತ್ತರವಾದ ಕಾಲನ್ನು ಕಾಕು ಸ್ವಲ್ಪ ಕೊಯ್ದಳು. ಆಗ ಇನ್ನೊಂದು ಎತ್ತರವಾಯಿತು. ಅದನ್ನೂ ಕೊಯ್ದಳು. ಮತ್ತೆ ಮೊದಲಿನದು. ಕೊನೆಗೆ ಕಾಲುಗಳೆಲ್ಲ ಒಲೆಗೆ ಹೋಗಿ ಬರೀ ಹಲಗೆ ಉಳಿಯಿತು.

"ಈಗ ನೋಡ, ಎಷ್ಟ ಗಟ್ಟಿ ಕುಂತೈತಿ!" ಅಂದಳು.

ಆಮೇಲೆ ಕುರ್ಚಿ. ಮಾಸ್ತರ ಮಾಡಿದ್ದನ್ನು ನೋಡಿ ಹಾಗೇ ಮಾಡಿದ್ದು. ಮನೆಗೆ ಬಂದವರೆಲ್ಲ ಅದನ್ನು ಹೊಗಳಿ ನೆಲದ ಮೇಲೆ ಕೂಡುತ್ತಿದ್ದರು. ಕಾಕಾ ಅಷ್ಟು ನಾಜೂಕಿನವನಲ್ಲ. ಲೋಂಡಾ ಜಂಕ್ಷನ್ನಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. "ಇಡೀ ನೌಕರಿ ಗಾಡಿ ಹಳಿ ತಪ್ಪದಂಗ ನೋಡಕೊಂಡಾಂವ ನಾ. ಈಗ ವಯಸ್ಸಾದಮ್ಯಾಲೆ ನಾನ ಹಳಿ ತಪ್ಲೇನು?" ಎಂದು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ.

ನಾನು ಬೆಳಗಾವಿಯಲ್ಲಿ ಮನೆ ಮಾಡಿದಾಗ ಕಾಕು ಮೂಲೆಗೆ ಇಡುವ ಶೆಲ್ಫ್ ಮಾಡಿ ತಂದಳು. ಅದೂ ಬಸ್ಸಿನಲ್ಲಿ! "ಇದೇನ್ರೀ ಅಕ್ಕಾರ, ಕಪಾಟೋ ನಿಚ್ಚಣಿಕಿಯೋ?" ಎಂದು ಕಂಡಕ್ಟರ್ ಕೇಳಿದನಂತೆ. ಪೀರನವಾಡಿಯಲ್ಲಿ ಹತ್ತಿದ ಅಜ್ಜನೊಬ್ಬ ಅದನ್ನು ಸೀಟೆಂದು ತಿಳಿದು ಕೂತು, ಬೆಳಗಾವಿ ಬಂದರೂ ಏಳಲಿಲ್ಲವಂತೆ. "ಅಜ್ಜ ಪಾಸ್ ಮಾಡಿದ ನೋಡ!" ಎಂದು ಕಾಕು ಬೀಗುತ್ತಲೇ ಒಳಗೆ ಬಂದಳು. ಶೆಲ್ಫ್ ನಮ್ಮ ಮನೆಯ ಒಂದು ಮೂಲೆಗೂ ಹೊಂದಲಿಲ್ಲ. ಕಾಕು ಗೋಡೆಯ ಮೇಲೆ ಅಂಗೈ ಆಡಿಸಿ ಮುಖ ಕಿವುಚಿದಳು.

"ಗೌಂಡಿ ಯಾರ ಇದ್ದ ತಮ್ಮಾ? ಮೂಲಿ ಸೊಟ್ಟ ಕಟ್ಯಾನ."

ಹೊಸ ಮನೆಯೇ ತಪ್ಪು! ಇದಕ್ಕೆ ಏನು ಹೇಳುತ್ತೀರಿ?

ಕಾಕುವಿಗೆ ಕಟ್ಟಿಗೆಯ ತುಂಡು ಕೊಡುತ್ತಿದ್ದವರು ಹುಸೇನಸಾಬರು. ಅಜ್ಜ ಮುತ್ತಜ್ಜರ ಕಾಲದಿಂದ ಬಡಗಿಯ ಮನೆತನ. ಖಾನಾಪುರದ ಎಷ್ಟೋ ಬಾಗಿಲು ಅವರ ಕೈಯವು. ಮಾಸ್ತರ ಅಂದರೆ ಅವರಿಗೆ ಮೈ ಉರಿಯುತ್ತಿತ್ತು.

"ವೈನಿ, ಅವ ಹೆಂಗ ನಕ್ಕೋತ ಕೆಲಸ ಮಾಡ್ತಾನ ಗೊತ್ತೇನ್ರಿ? ಅವನ ಖೋಲಿಗೆ ಗಿರಾಕಿ ಬರಂಗಿಲ್ಲ! 'ಬಾಗಲಾ ಎಂದ ಕೊಡ್ತಿ, ನಾಳೆ ವಾಸ್ತುಶಾಂತಿ ಐತಿ' ಅಂತ ಒಬ್ಬರ ಬಂದ ಕೇಳ್ಯಾರೇನು? ಹಂಗ ಬಿಟ್ರ ನಾನೂ ನಗತೇನಿ."

"ನೀವು ಅವನ್ನ ನೋಡಂಗ ಇಲ್ಲಂತೀರಿ. ಮತ್ತ ನಗೂದು ಹೆಂಗ ಗೊತ್ತಾತು?"

"ಮೊಬೈಲ್ ತಾನ ಹಚ್ಚಕೋತೈತ್ರಿ," ಎಂದು ಹುಸೇನಸಾಬರು ಗರಗಸ ಹಿಡಿದು ಅತ್ತ ತಿರುಗಿದರು.

ಹೀಗಿರುವಾಗ ಒಂದು ರವಿವಾರ ಕಾಕುವಿನ ಫೋನು ಬಂತು.

"ತಮ್ಮಾ, ಇದ್ದಂಗ ಹೊಂಟ ಬಾ."

"ಏನಾತ ಕಾಕು?"

"ಮಾಸ್ತರ ಮಾರಿ ಸಪ್ಪಗ ಮಾಡಿ ಏನೋ ಅಂದ. ರಂದಾ ಗ್ವಾಡಿಗೆ ತೂಗಹಾಕಿ ಲೈಟ್ ಆರಿಸಿ ಹ್ವಾದ. ನನ್ನ ಎದಿ ಧಸಕ್ಕಂತು. ಸಂಜೀಕ ಮತ್ತ ತೋರಸ್ತಾರ, ಬಂದ ಇಂಗ್ಲಿಷ್ ಹೇಳ."

ಸಂಜೆ ಖಾನಾಪುರದ ಮನೆ ಮುಟ್ಟಿದರೆ ಹೊಸ್ತಿಲ ಮುಂದೆ ಚಪ್ಪಲಿಗಳ ರಾಶಿ! ಕಾಕಾನಿಗೇನಾದರೂ ಆಯಿತೇ? ಒಳಗೆ ಹೋದರೆ ಕಾಕಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರು ಓದುತ್ತ ಕೂತಿದ್ದ. ಚಾಪೆಯ ಮೇಲೆ ಹುಸೇನಸಾಬರು, ಪಕ್ಕದ ಓಣಿಯ ಬಾಳು ಸುತಾರ, ಇನ್ನೂ ಕೆಲವು ಬಡಗಿಗಳು ತಲೆ ತಗ್ಗಿಸಿ ಕೂತಿದ್ದರು. "ಸುದ್ದಿ ತಿಳೀತು. ಬಂದ್ವಿ," ಅಂದರು ಸಾಬರು.

ಅಷ್ಟರಲ್ಲಿ ಬಾಜು ಮನೆಯ ಗಂಗವ್ವ ಸೆರಗು ಬಾಯಿಗೆ ಹಿಡಿದುಕೊಂಡು ಬಂದಳು. ಆಕೆಯೂ ಚಪ್ಪಲಿ ನೋಡಿದ್ದಳು.

"ಯಾರ ಹ್ವಾದ್ರು?"

"ಮಾಸ್ತರ," ಅಂದಳು ಕಾಕು.

"ಅಯ್ಯ ಶಿವನ! ಎಂಥಾ ದೇವರಂಥಾ ಮನಷ್ಯಾ!" ಎಂದು ಗಂಗವ್ವ ಅತ್ತಳು. ಯಾವ ಮಾಸ್ತರ ಎಂದು ಕೇಳಲೂ ಇಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ? ಸ್ವಲ್ಪ ಹೊತ್ತಿಗೆ ಬುಟ್ಟಿ ತುಂಬ ರೊಟ್ಟಿ, ಝುಣಕ ಕಳಿಸಿಬಿಟ್ಟಳು. ಕಾಕಾ ಪೇಪರು ಮಡಚಿಟ್ಟು, "ಈ ಮಾಸ್ತರ ಹೋಗೂ ಮುಂದರ ಒಂದ ಉಪಕಾರ ಮಾಡಿದ ನೋಡ," ಎಂದು ತಾಟು ಹಿಡಿದು ಕೂತ.

ಕಾರ್ಯಕ್ರಮ ಶುರುವಾಯಿತು. ಕಾಕು ಸೆರಗು ಹೊದ್ದಳು. ನಾನು ಕೇಳಿ ಕೇಳಿ ಹೇಳಿದೆ: "ಇದ ಕಡೀದಂತ. ಇನ್ನ ಬರಂಗಿಲ್ಲಂತ. ಇಷ್ಟ ವರ್ಷ ಕೂಡಿದ್ದಕ್ಕ ಭಾಳ ಉಪಕಾರ ಆತಂತ."

"ಯಾಕಂತ? ಜಡ್ಡ ಏನ?"

"ಇಲ್ಲ. ಸಾಕಂತ."

"ಸಾಕಂದ್ರ? ಕಟಗಿ ತೀರ್‍ಯಾವೇನ?"

"ಸಾಗವಾನಿ ಅಲ್ಲೂ ಸಿಗವಲ್ದ ಆಗಿರಬೇಕ್ರಿ ವೈನಿ," ಅಂದರು ಹುಸೇನಸಾಬರು. ಬಡಗಿಗಳೆಲ್ಲ ಹೌದೆಂದು ತಲೆ ಹಾಕಿದರು.

"ಅವಗ ಮಗಾ ಇದ್ದಿದ್ರ ಮುಂದ ನಡಸ್ತಿದ್ದ," ಅಂದ ಬಾಳು.

"ನನಗ ಮಗಾ ಇಲ್ಲೇನ?" ಸಾಬರು ತಟ್ಟನೆ ತಿರುಗಿದರು. "ಪ್ಲೈವುಡ್ ಅಂಗಡಿ ಇಟ್ಟಾನ!"

ಯಾರೂ ನಗಲಿಲ್ಲ. ಟಿವಿಯಲ್ಲಿ ಲೈಟು ಆರಿತು. ಸಾಬರು ಟೋಪಿ ಸರಿ ಮಾಡಿಕೊಂಡು, "ನನಗ ಅವ ಸೇರ್ತಿರಲಿಲ್ಲ. ಖರೇ, ಕೈ ಛಲೋ ಇತ್ತು," ಎಂದು ಎದ್ದು ಹೋದರು.

ಮರುದಿನದಿಂದ ಶೆಡ್ಡಿನ ಬಾಗಿಲು ಮುಚ್ಚಿತು. ಮೊದಮೊದಲು ನಮ್ಮ ಬಳಗಕ್ಕೆಲ್ಲ ಹಬ್ಬ! ಮುಂದಿನ ಮದುವೆಗಳಲ್ಲಿ ಯಾರಿಗೂ ಕಾಕು ಮಾಡಿದ ಸ್ಟೂಲು ಉಡುಗೊರೆಯಾಗಿ ಬರುವ ಭಯವಿಲ್ಲ. ಆದರೆ ಕಾಕುವಿನ ಬಾಯಿಯೂ ಮುಚ್ಚಿತ್ತು. ನಾನು ಫೋನು ಮಾಡಿದರೆ "ಹ್ಞೂಂ", "ಆತು" ಇಷ್ಟೇ. ಬೈಯುವುದನ್ನೂ ಬಿಟ್ಟಳೆಂದು ಕಾಕಾ ಫೋನಿನಲ್ಲಿ ಪಿಸುಗುಟ್ಟಿದಾಗ ನಾನು ಹೊರಟು ಬಂದೆ.

ನಾನು ಹೋದ ದಿನವೇ ಕಾಕು ಹುಸೇನಸಾಬರನ್ನು ಕರೆಸಿದ್ದಳು. ಉಳಿ, ಗರಗಸ, ರಂದಾ, ಹತ್ಯಾರಗಳನ್ನೆಲ್ಲ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದಳು. "ಒಯ್ರಿ. ನನಗೇನ ಮಾಡೂದೈತಿ?"

ಸಾಬರು ಉಳಿಯ ಬಾಯಿಗೆ ಹೆಬ್ಬೆರಳು ಹಚ್ಚಿ ನೋಡಿದರು. ರಂದಾ ತಿರುವಿ ನೋಡಿದರು. ಒಂದೊಂದನ್ನೂ ಇದ್ದ ಜಾಗದಲ್ಲೇ ಇಟ್ಟರು.

"ಬ್ಯಾಡ್ರಿ ವೈನಿ. ಟಿವಿ ನೋಡಿ ಕಲ್ತವರ ಹತ್ಯಾರ ತಂದಾನ ಅಂತ ಮಂದಿ ನನಗ ನಗತಾರ. ನೀವ ಇಟಗೊಳ್ರಿ," ಎಂದು ನಗುತ್ತಲೇ ಹೋಗಿಬಿಟ್ಟರು. ಬಾಗಿಲ ಹತ್ತಿರ ನನ್ನ ಭುಜ ಹಿಡಿದು, "ಉಳಿ ಎಷ್ಟ ಛಂದ ಮಸದಾರ ನೋಡ್ರಿ," ಎಂದು ಮೆಲ್ಲಗೆ ಅಂದರು.

ಕಾಕು ಶೆಡ್ಡಿನ ಹೊಸ್ತಿಲ ಮೇಲೆ ಕೂತಳು. ನಾನು ಪಕ್ಕಕ್ಕೆ ಕೂತೆ. ಕಾಕಾ ಹಿತ್ತಲಿನಲ್ಲಿ ಪೇಪರು ಹಿಡಿದುಕೊಂಡಿದ್ದ.

"ಒಂದ ಮಾತ ನನ್ನ ತಲ್ಯಾಗಿಂದ ಹೋಗವಲ್ದ ತಮ್ಮಾ," ಅಂದಳು. "ಇಷ್ಟ ವರ್ಷ ನೋಡೀನಿ. ಆ ಮನಷ್ಯಾ ಒಬ್ಬಾಂವನ ಮಾಡ್ತಿದ್ದ, ಒಬ್ಬಾಂವನ ಮಾತಾಡ್ತಿದ್ದ. ಒಂದ ದಿನರ ಯಾರರ ಬಂದು ಒಂದ ಕಪ್ಪ ಚಾ ಕೊಟ್ಟದ್ದ ನೋಡ್ಲಿಲ್ಲ. ನಾನೂ ಇಲ್ಲಿ ಒಬ್ಬಾಕಿನ. ಅಲ್ಲಿ ಅವ ಅದಾನಲ್ಲ ಅಂತ ಇಲ್ಲಿ ಬಂದ ನಿಂದರ್ತಿದ್ದೆ."

ಕಾಕು ಎದ್ದು ಹತ್ಯಾರಗಳನ್ನು ಒಳಗೆ ಒಯ್ದು ಗೋಡೆಗೆ ತೂಗಹಾಕತೊಡಗಿದಳು. ರಂದಾ ತೂಗಹಾಕಲಿಲ್ಲ. ಹಿಡಿದುಕೊಂಡೇ ನಿಂತಳು.

ತಿರುಗಿ ನೋಡಿದರೆ ಪೇಪರು ನೆಲದ ಮೇಲಿತ್ತು, ಕಾಕಾ ಇರಲಿಲ್ಲ. ಅಡಿಗೆಮನೆಯಲ್ಲಿ ಡಬ್ಬಿಗಳು ಉರುಳುವ ಸಪ್ಪಳ. ಹೋಗಿ ನೋಡಿದೆ. ಆ ಮನೆಯಲ್ಲಿ ಇಷ್ಟು ವರ್ಷ ಉಂಡ ಕಾಕಾನಿಗೆ ಸಕ್ಕರೆ ಯಾವ ಡಬ್ಬಿಯಲ್ಲಿದೆ ಎಂದು ಗೊತ್ತಿರಲಿಲ್ಲ. ಒಂದೊಂದನ್ನೂ ತೆರೆದು, ಬೆರಳು ಅದ್ದಿ, ನಾಲಿಗೆಗೆ ಹಚ್ಚಿ ನೋಡುತ್ತಿದ್ದ. ಹಾಲು ಉಕ್ಕಿ ಒಲೆ ಆರಿತು. ಮತ್ತೆ ಹಚ್ಚಿದ. ನಾನು ಕೈ ಹಾಕಲು ಹೋದರೆ ಮೊಣಕೈಯಿಂದ ಅತ್ತ ಸರಿಸಿದ.

ಚಹಾದ ಕಪ್ಪು ಬಸಿ ಹಿಡಿದು ಹಿತ್ತಲಿಗೆ ಬರುವಷ್ಟರಲ್ಲಿ ಶೆಡ್ಡಿನೊಳಗಿಂದ ರಂದಾದ ಸಪ್ಪಳ ಕೇಳುತ್ತಿತ್ತು. ಕಾಕು ಬಾಗಿಲಿಗೆ ಬೆನ್ನು ಮಾಡಿ ಹಲಗೆ ಕೀಸುತ್ತಿದ್ದಳು. ಕಾಕಾ ಹೊಸ್ತಿಲ ಹೊರಗೇ ನಿಂತ. ಕರೆಯಲಿಲ್ಲ.

"ಕಾಕಾ, ಚಾ ಆರಾಕತ್ತೈತಿ. ಒಳಗ ಕೊಡ," ಅಂದೆ.

"ತಡಿ," ಅಂದ. "ಕೆಲಸದಾಗ ಅದಾಳ."

ಕಪ್ಪಿನ ಮೇಲೆ ಬಸಿ ಮುಚ್ಚಿ ಹಿಡಿದುಕೊಂಡು ಅಲ್ಲೇ ನಿಂತ.