ಆ ಎರಡು ಎಕ್ಸ್‌ಟ್ರಾ ತಂತಿಗಳು

ನಾನು ಬೇಸ್ ಗಿಟಾರ್ ನುಡಿಸ್ತೀನಿ. ಹಾಡಿನ ಅಡಿಯಲ್ಲಿ ದುಂ ದುಂ ಅನ್ನುತ್ತಲ್ಲ, ಅದು. ಮಾಮೂಲಿ ಬೇಸ್‌ಗೆ ನಾಲ್ಕು ತಂತಿ, ನನ್ನದಕ್ಕೆ ಆರು. ತೀರಾ ಕೆಳಗಿನ ಸ್ವರಕ್ಕೆ ದಪ್ಪನೆಯದೊಂದು, ಮೇಲಿನದಕ್ಕೆ ತೆಳ್ಳನೆಯದೊಂದು ಹೆಚ್ಚಿಗೆ. ಈ ಎರಡು ತಂತಿ ಕೊಟ್ಟಷ್ಟು ತಲೆನೋವನ್ನ ಯಾವ ಮನುಷ್ಯನೂ ನನಗೆ ಕೊಟ್ಟಿಲ್ಲ. ಒಂದು ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು ಹಾಜರ್.

ನೀರಿಲ್ಲ

ಕಗ್ಗದಾಸಪುರದಲ್ಲಿ ನನ್ನದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಆಂಟಿ. ಒಂದು ವಾರ ಇಡೀ ಬಿಲ್ಡಿಂಗಿಗೆ ನೀರಿಲ್ಲ. ಮೈಗೆಲ್ಲ ಸೋಪು ಹಚ್ಚಿಕೊಂಡ ಮೇಲೆ ನಲ್ಲಿ ಫುಸ್ ಅನ್ನೋದು. ಪ್ಲಂಬರ್ ಬಂದು ಪೈಪು, ಬೋರ್‌ವೆಲ್ ಎಲ್ಲ ಸರಿಯಿದೆ ಅಂದುಬಿಟ್ಟ. ಕೊನೆಗೆ ನಾನೇ ಕೆಳಗಿಳಿದೆ.

"ಆಂಟಿ, ಮೋಟರ್ ಹಾಕ್ತಿದೀರಾ?"

"ಹಾಕೋದೇನಪ್ಪಾ, ಆಫ್ ಮಾಡೋದೇ ಒಂದು ಕೆಲ್ಸ ಆಗೋಗಿದೆ! ಸಂಜೆ ಆದ್ರೆ ಸಾಕು, ಯಾರೋ ಹಾಕಿ ಮರ್ತುಬಿಡ್ತಾರೆ. ಗುಂಯ್ ಅಂತಾನೇ ಇರುತ್ತೆ. ಆಫ್ ಮಾಡಿದ್ರೂ ನಿಲ್ಲಲ್ಲ."

ಸಂಜೆ ನನ್ನ ಪ್ರಾಕ್ಟೀಸ್ ಹೊತ್ತು. ನನಗೆ ಮೆಲ್ಲಗೆ ಅರ್ಥವಾಗತೊಡಗಿತು.

ಆಂಟಿ ದನಿ ತಗ್ಗಿಸಿದರು. "ಹೋದ ವಾರಾನೇ ಫ್ಯೂಸ್ ಕಿತ್ತಿಟ್ಟಿದೀನಿ. ಆದ್ರೂ ಓಡುತ್ತೆ ನೋಡು, ಹಾಳು ಮೋಟರ್!"

ಲೀಡ್

ಫ್ರೇಜರ್ ಟೌನಿನಲ್ಲೊಂದು ಮದುವೆ ರಿಸೆಪ್ಷನ್. ಸೌಂಡ್ ಸಿಸ್ಟಮ್‌ನವರು ಶಿವಾಜಿನಗರದ ಹಿರಿಯರು. ನನ್ನ ಗಿಟಾರ್ ನೋಡಿದ್ದೇ ಬೇಸ್ ಗುಂಡಿ ಪೂರ್ತಿ ಇಳಿಸಿ, ತೆಳು ದನಿಯ ಟ್ರೆಬಲ್ ಪೂರ್ತಿ ಏರಿಸಿದರು.

"ಭಾಯ್, ಇದು ಬೇಸ್ ಗಿಟಾರ್," ಅಂದೆ.

"ಆರು ತಂತಿ ಇದ್ರೆ ಲೀಡ್ ಗಿಟಾರ್, ಭಾಯ್. ನಮ್ದೂಕೆ ಹೇಳ್ಕೊಡ್ಬೇಡಿ."

ವಾದ ಮಾಡೋಣ ಅಂದರೆ ಅಷ್ಟರಲ್ಲಿ ಮದುಮಗ ಬಂದೇಬಿಟ್ಟ. ಪ್ರೋಗ್ರಾಮ್ ಪೂರ್ತಿ ನನ್ನ ಬೇಸ್ ಸೊಳ್ಳೆಯ ಹಾಗೆ ಗುಯ್‌ಗುಟ್ಟಿತು. "ಮಗಾ, ನುಡಿಸ್ತಿದೀಯೋ, ನಿಂತಿದೀಯೋ?" ಅಂತ ಡ್ರಮ್ಮರ್ ಬೇರೆ ಹಲ್ಲು ಕಡಿದ.

ಮುಗಿದ ಮೇಲೆ ಆ ಹಿರಿಯರು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. "ನಿಮ್ದು ಲೀಡ್ ಫಸ್ಟ್ ಕ್ಲಾಸ್, ಭಾಯ್. ಒಂದೇ ಕಮ್ಮಿ. ಬ್ಯಾಂಡಿಗೆ ಒಬ್ಬ ಬೇಸ್ ಗಿಟಾರ್‌ನವನ್ನ ಇಟ್ಕೊಳ್ಳಿ."

ಸ್ಪೇರ್

ಮಾರತ್ತಹಳ್ಳಿಯ ನಮ್ಮ ಆಫೀಸಿನ ವಾರ್ಷಿಕೋತ್ಸವದಲ್ಲಿ ನುಡಿಸಿದೆ. ಧಾರವಾಡ ಕಡೆಯ ನಮ್ಮ ಮ್ಯಾನೇಜರ್ ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಕದಲಿಸದೆ ನನ್ನ ಕೈಯನ್ನೇ ನೋಡಿದರು. ಪರವಾಗಿಲ್ಲ, ಸಂಗೀತ ಬಲ್ಲವರು ಅಂದುಕೊಂಡೆ. ಊಟದ ಹೊತ್ತಿಗೆ ಪಕ್ಕಕ್ಕೆ ಕರೆದರು.

"ಅಲ್ರೀ, ಆರು ತಂತಿ ಅದಾವ. ನೀವು ನೋಡಿದ್ರ ಒಂದನ್ನ ಕುಟ್ಕೋತ ನಿಂತಿದ್ರಿ. ಉಳಿದ ಐದು ಸ್ಪೇರ್ ಏನ್ರೀ?"

ಸೋಲೋ

ನಮ್ಮಮ್ಮ ನಾನು ನುಡಿಸೋದನ್ನ ಎದುರಿಗೆ ಕೂತು ಕೇಳಿರಲೇ ಇಲ್ಲ. ವಿಡಿಯೋ ತೋರಿಸಿದಾಗಲೆಲ್ಲ, "ಇದರಲ್ಲಿ ನಿನ್ನ ಸೌಂಡ್ ಯಾವ್ದೋ?" ಅಂತ ಕೇಳೋಳು. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಕೊನೆಗೂ ಇಂದಿರಾನಗರದ ಒಂದು ಕೆಫೆಯಲ್ಲಿ, ಭಾನುವಾರ ಮಧ್ಯಾಹ್ನದ ಶೋನಲ್ಲಿ, ಬ್ಯಾಂಡಿನವರು ನನಗೊಂದು ಸೋಲೋ ಬಿಟ್ಟುಕೊಟ್ಟರು. ಎಲ್ಲರೂ ಸುಮ್ಮನಿರ್ತಾರೆ, ನಾನೊಬ್ಬನೇ. ಅಮ್ಮನನ್ನ ಕರ್ಕೊಂಡು ಹೋಗಿ ಮುಂದಿನ ಟೇಬಲ್ಲಿಗೇ ಕೂರಿಸಿದೆ.

ಡ್ರಮ್ಸ್ ನಿಂತಿತು. ನಾನು ಕಣ್ಣು ಮುಚ್ಚಿ ಆ ದಪ್ಪ ತಂತಿಯನ್ನ ಮೀಟಿದೆ. ನೆಲವೇ ನಡುಗುವಂಥ ನಾದ. ಅರೆಗಣ್ಣು ತೆರೆದು ನೋಡ್ತೀನಿ, ಒಬ್ಬೊಬ್ಬರೇ ಟೇಬಲ್ ಮೇಲಿಂದ ಫೋನ್ ಎತ್ತಿಕೊಳ್ತಿದಾರೆ! ನನ್ನನ್ನ ರೆಕಾರ್ಡ್ ಮಾಡ್ತಿದಾರೆ ಅಂತ ಉಬ್ಬಿಹೋದೆ. ಇನ್ನೂ ಕೆಳಗಿನ ಸ್ವರಕ್ಕೆ ಇಳಿದೆ. ಇನ್ನಷ್ಟು ಜನ ಫೋನ್ ಎತ್ತಿದರು. ಎತ್ತಿ, ಕಿವಿಗಿಟ್ಟುಕೊಂಡರು.

ನನ್ನ ತಂತಿಗೆ ಮರದ ಟೇಬಲ್‌ಗಳು ಗಡಗಡ ಅದುರುತ್ತಿದ್ದವು. ತಂತಮ್ಮ ಫೋನೇ ವೈಬ್ರೇಟ್ ಆಗ್ತಿದೆ ಅಂದುಕೊಂಡ ಜನ, ಕೆಫೆ ತುಂಬಾ "ಹಲೋ? ಹಲೋ?" ಅಂತಿದಾರೆ.

ಹೋಗಲಿ, ಅಮ್ಮನಾದರೂ ಕೇಳಿಸ್ಕೊಳ್ತಿದಾಳಲ್ಲ ಅಂತ ಅವಳ ಕಡೆ ನೋಡಿದೆ. ಅವಳೂ ಫೋನ್ ಕಿವಿಗೊತ್ತಿಕೊಂಡು, ಇನ್ನೊಂದು ಕಿವಿ ಬೆರಳಿಂದ ಮುಚ್ಚಿಕೊಂಡು ಕೂಗ್ತಿದ್ದಳು: "ಯಾರದು? ಜೋರಾಗಿ ಮಾತಾಡಿ! ಇಲ್ಲಿ ನನ್ನ ಮಗ ಬಾರಿಸ್ತಿದಾನೆ, ಅವನು ನಿಲ್ಲಿಸೋವರ್ಗೂ ಏನೂ ಕೇಳ್ಸಲ್ಲ!"